ತಣ್ಣೀರು ಸಾಗುವ ದಾರಿ

ಮೇ ತಿಂಗಳ ಮಧ್ಯಾಹ್ನ ಫ್ರಿಡ್ಜಿನ ಬಾಗಿಲಲ್ಲಿರುವ ಡಿಸ್ಪೆನ್ಸರಿಗೆ ಲೋಟ ಒತ್ತಿದರೆ ಹಿಂದುಗಡೆ ಎಲ್ಲೋ ಗುಂಯ್ ಎನ್ನುವ ಸದ್ದು ಕೇಳುತ್ತದೆ, ನೀರು ಮಾತ್ರ ಬರುವುದಿಲ್ಲ. ಬಾಗಿಲು ತೆರೆದರೆ ಹಾಲು ತಣ್ಣಗಿದೆ, ಫ್ರೀಜರಿನಲ್ಲಿ ಐಸ್ ಗಟ್ಟಿಯಾಗಿದೆ, ದೀಪವೂ ಉರಿಯುತ್ತಿದೆ. ತಂಪು ಮಾಡುವ ಯಂತ್ರ ತನ್ನ ಕೆಲಸ ಮಾಡುತ್ತಲೇ ಇದೆ. ನೀರು ಸಾಗುವ ದಾರಿ ಎಲ್ಲೋ ಕಟ್ಟಿಕೊಂಡಿದೆ. ಆದರೂ ಇಂಥ ಸಂದರ್ಭದಲ್ಲಿ ಮನೆಯವರಿಗೆ ಹೊಳೆಯುವ ಮೊದಲ ಮಾತು ‘ಫ್ರಿಡ್ಜ್ ಕೆಟ್ಟಿತು’ ಎಂದೇ. ಕೆಲವೊಮ್ಮೆ ಸಾವಿರಾರು ರೂಪಾಯಿಯ ಬೋರ್ಡ್ ಬದಲಾಗುತ್ತದೆ, ನೀರು ಆಗಲೂ ಬರುವುದಿಲ್ಲ.

ತಣ್ಣೀರಿನ ಚರಿತ್ರೆಯುದ್ದಕ್ಕೂ ಈ ತೊಂದರೆ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ಮಣ್ಣಿನ ಹೂಜಿಯನ್ನೇ ನೋಡಿ. ಅದರ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಹೊರಗೆ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಡುಸು ನೀರು ತುಂಬುತ್ತಾ ಹೋದರೆ ಸುಣ್ಣದಂಥ ಲವಣಗಳು ರಂಧ್ರಗಳಲ್ಲಿ ಕೂರುತ್ತವೆ. ಹೂಜಿ ಒಡೆದಿರುವುದಿಲ್ಲ, ಸೋರುವುದೂ ಇಲ್ಲ; ನೀರು ಮಾತ್ರ ಮೊದಲಿನಷ್ಟು ತಣ್ಣಗಾಗುವುದಿಲ್ಲ. ಆಗ ಉಜ್ಜಿ ತೊಳೆಯಬೇಕು, ಇಲ್ಲವೇ ಹೊಸದು ತರಬೇಕು. ಮನೆಯಲ್ಲಿ ತಣ್ಣೀರಿಗಾಗಿ ನಡೆದ ಬಹಳ ಹಳೆಯ ರಿಪೇರಿಗಳಲ್ಲಿ ಇದೂ ಒಂದು.

ಅರಮನೆಗಳು ಬೇರೆ ದಾರಿ ಹಿಡಿದವು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ತಿರುಗಿಸಿ ತಂಪು ಮಾಡುತ್ತಿದ್ದ ಬಗೆಯನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಆಸ್ಥಾನ ಪಂಜಾಬಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ಲಾಹೋರಿಗೆ ಹಿಮ ತರಿಸುವ ಏರ್ಪಾಡೂ ಆಯಿತು.

ಹಿಮ ಸಮುದ್ರ ದಾಟಿ ಬಂದದ್ದು 1833ರಲ್ಲಿ. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಆ ವರ್ಷದ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ ಐಸ್ ಕಳಿಸಿದ. ಸೆಪ್ಟೆಂಬರಿನಲ್ಲಿ ಅದು ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮುಂದೆ ಮುಂಬೈ ಮತ್ತು ಮದರಾಸಿನಲ್ಲೂ ಐಸ್ ಇಡಲು ದಪ್ಪ ಗೋಡೆಯ ಕಟ್ಟಡಗಳೆದ್ದವು. ಮದರಾಸಿನ ಕಡಲ ದಂಡೆಯ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅದು ಅವರ ಹೆಸರಿನಲ್ಲೇ ಇದೆ.

ಇಂಥ ಉಗ್ರಾಣಗಳಲ್ಲಿ ಐಸಿನ ಸುತ್ತ ಮರದ ಹೊಟ್ಟು ತುಂಬಿ ಶಾಖವನ್ನು ತಡೆಯುತ್ತಿದ್ದರು. ಆದರೆ ಹೊಟ್ಟು ಒಂದೇ ಸಾಲದು. ಕರಗಿದ ನೀರು ತಳದಲ್ಲಿ ನಿಂತರೆ ಮೇಲಿನ ಐಸ್ ಬೇಗ ಕರಗುತ್ತದೆ, ಹೊಟ್ಟು ನೆನೆದು ಶಾಖ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಐಸ್ ಹೌಸಿನ ಗೋಡೆ ಎಷ್ಟು ಮುಖ್ಯವೋ ಅದರ ಮೋರಿಯೂ ಅಷ್ಟೇ ಮುಖ್ಯವಾಗಿತ್ತು. ಅಮೆರಿಕದ ಮನೆಗಳ ಐಸ್ ಪೆಟ್ಟಿಗೆಗಳಲ್ಲೂ ಇದೇ ಪಾಡು. ಕರಗಿದ ನೀರು ಸಣ್ಣ ಕೊಳವೆಯಲ್ಲಿ ಇಳಿದು ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ತಟ್ಟೆ ಖಾಲಿ ಮಾಡಲು ಮರೆತರೆ ಅಡುಗೆಮನೆಯ ನೆಲವೆಲ್ಲ ನೀರು. ಈಗಿನ ಫ್ರಿಡ್ಜಿನಲ್ಲಿ ತರಕಾರಿ ಡಬ್ಬದ ಕೆಳಗೆ ನೀರು ನಿಂತರೆ ಹಲವು ಸಲ ಕಾರಣ ಇಂಥದ್ದೇ: ಹಿಂಬದಿಯ ಮಂಜು ಕರಗಿದ ನೀರು ಹೊರಹೋಗುವ ತೂತು ಮುಚ್ಚಿಕೊಂಡಿರುತ್ತದೆ.

ಅಲ್ಲಿಯವರೆಗೆ ನೀರನ್ನು ಹೊರಗೆ ಸಾಗಿಸಿದರೆ ಸಾಕಿತ್ತು. ವಿದ್ಯುತ್ ಫ್ರಿಡ್ಜ್ ಬಂದ ಮೇಲೆ ನೀರನ್ನು ಒಳಗೆ ತರುವ ಆಸೆಯೂ ಹುಟ್ಟಿತು. 1953ರ ಸುಮಾರಿಗೆ ಅಮೆರಿಕದ ಸರ್ವೆಲ್ ಕಂಪನಿ ತಾನಾಗಿಯೇ ಐಸ್ ಮಾಡಿಕೊಳ್ಳುವ ಮನೆಬಳಕೆಯ ಫ್ರಿಡ್ಜ್ ತಂದಿತು. 1965ರಲ್ಲಿ ಫ್ರಿಜಿಡೇರ್ ಕಂಪನಿ ಫ್ರೀಜರಿನ ಬಾಗಿಲಿನ ಹೊರಗಿನಿಂದಲೇ ಐಸ್ ಪಡೆಯುವ ವ್ಯವಸ್ಥೆ ಮಾಡಿತು. ಲೋಟ ಒತ್ತಿದರೆ ಮೋಟಾರು ತಿರುಗಿ ಐಸ್ ಬೀಳುತ್ತಿತ್ತು. ತಣ್ಣೀರಿನ ಡಿಸ್ಪೆನ್ಸರ್ ಈ ಸಾಲಿಗೆ ಸೇರಿದ್ದು. ಬಾಗಿಲು ತೆರೆಯದೆ ನೀರು ಸಿಕ್ಕಿದರೆ ಒಳಗಿನ ತಂಪು ಗಾಳಿ ಹೊರಗೆ ಸುರಿಯುವುದಿಲ್ಲ.

ಈ ಅನುಕೂಲಕ್ಕಾಗಿ ನೀರು ಬಹಳ ಸುತ್ತಬೇಕಾಯಿತು. ನಲ್ಲಿಯಿಂದ ಸಣ್ಣ ಪೈಪಿನಲ್ಲಿ ಹೊರಟು, ವಿದ್ಯುತ್ತಿನಿಂದ ತೆರೆದುಕೊಳ್ಳುವ ವಾಲ್ವ್ ಮತ್ತು ಫಿಲ್ಟರನ್ನು ಹಾದು, ಒಳಗಿನ ಪುಟ್ಟ ಟ್ಯಾಂಕಿನಲ್ಲಿ ತಣ್ಣಗಾಗಿ, ಬಾಗಿಲಿನ ಕೆಳಗಿನ ಕೀಲಿನ ಬಳಿ ಬಾಗಿಲೊಳಗೆ ನುಗ್ಗಿ, ಮೇಲೇರಿ ಲೋಟಕ್ಕೆ ಬರಬೇಕು. ಪಕ್ಕಪಕ್ಕದ ಎರಡು ಬಾಗಿಲಿನ ಫ್ರಿಡ್ಜುಗಳಲ್ಲಿ ಡಿಸ್ಪೆನ್ಸರ್ ಇರುವುದು ಸಾಮಾನ್ಯವಾಗಿ ಫ್ರೀಜರಿನ ಬಾಗಿಲಲ್ಲಿ. ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಜಾಗದ ಪಕ್ಕದಲ್ಲೇ ನೀರಿನ ಕೊಳವೆ ಹಾಯ್ದು ಹೋಗುತ್ತದೆ.

ಇನ್ನೊಂದು ನಂಬಿಕೆಯೂ ಈ ಯಂತ್ರದ ಹುಟ್ಟಿನಲ್ಲೇ ಸೇರಿಕೊಂಡಿದೆ. ಅದು ರೂಪುಗೊಂಡ ಊರುಗಳಲ್ಲಿ ಬೀದಿಯ ಪೈಪಿನಿಂದ ಮನೆಗೆ ದಿನವಿಡೀ ಒತ್ತಡದ ನೀರು ಬರುತ್ತಿತ್ತು. ಹಲವು ಕಂಪನಿಗಳ ಕೈಪಿಡಿಗಳು ಕೇಳುವ ಕನಿಷ್ಠ ಒತ್ತಡ 20 ಪಿಎಸ್‌ಐ. ಇದನ್ನು ಎತ್ತರದ ಲೆಕ್ಕಕ್ಕೆ ತಂದರೆ ಸುಮಾರು 14 ಮೀಟರ್, ಅಂದರೆ ಟ್ಯಾಂಕು ಫ್ರಿಡ್ಜಿಗಿಂತ ನಾಲ್ಕು ಮಹಡಿಯಷ್ಟು ಮೇಲಿರಬೇಕು. ಭಾರತದಲ್ಲಿ ಗೋದ್ರೆಜ್ 1958ರಲ್ಲಿ ಫ್ರಿಡ್ಜ್ ತಯಾರಿಸತೊಡಗಿತು. ಆದರೆ ನಮ್ಮ ಊರುಗಳಲ್ಲಿ ನೀರು ಬಿಟ್ಟಾಗ ಸಂಪು ತುಂಬಿ, ಅಲ್ಲಿಂದ ತಾರಸಿಯ ಟ್ಯಾಂಕಿಗೆ ಏರಿ, ಮತ್ತೆ ಕೆಳಗಿಳಿಯುತ್ತದೆ. ಒಂದೇ ಕಟ್ಟಡದಲ್ಲಿ, ಒಂದೇ ಮಾದರಿಯ ಫ್ರಿಡ್ಜ್ ನೆಲಮಹಡಿಯಲ್ಲಿ ಚೆನ್ನಾಗಿ ನೀರು ಕೊಟ್ಟು, ಟ್ಯಾಂಕಿನ ಕೆಳಗೇ ಇರುವ ಮೇಲಿನ ಮಹಡಿಯಲ್ಲಿ ಮುಷ್ಕರ ಹೂಡಬಹುದು. ಅಲ್ಲಿ ಬೇಕಾದದ್ದು ಒತ್ತಡ ಹೆಚ್ಚಿಸುವ ಸಣ್ಣ ಪಂಪು. ಬೋರ್ಡ್ ಬದಲಿಸಿ ಫಲವಿಲ್ಲ. ಒತ್ತಡ ಕಡಿಮೆಯಿದ್ದರೆ ವಾಲ್ವ್ ಗಟ್ಟಿಯಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಏಕೆಂದರೆ ಅದನ್ನು ಒತ್ತಿಹಿಡಿಯುವುದು ನೀರಿನ ಬಲವೇ. ಲೋಟ ತೆಗೆದ ಮೇಲೂ ಹನಿ ತೊಟ್ಟಿಕ್ಕಲು ಇದೊಂದು ಕಾರಣ. ಕೊಳವೆಯಲ್ಲಿ ಸಿಕ್ಕ ಗಾಳಿ ಇನ್ನೊಂದು. ಕೆಲವು ಲೀಟರ್ ನೀರು ಹಿಡಿದು ಚೆಲ್ಲಿದರೆ ಅದು ಹೊರಹೋಗುತ್ತದೆ.

ಈ ದಾರಿಯನ್ನು ತಿಳಿದವರು ದೋಷವನ್ನು ಕಿವಿಯಿಂದಲೇ ಅರ್ಧ ಪತ್ತೆಹಚ್ಚುತ್ತಾರೆ. ಲೋಟ ಒತ್ತಿದಾಗ ಸದ್ದೇ ಇಲ್ಲದಿದ್ದರೆ ವಾಲ್ವಿಗೆ ವಿದ್ಯುತ್ ತಲುಪುತ್ತಿಲ್ಲ, ಇಲ್ಲವೇ ಅದರ ಸುರುಳಿ ಸುಟ್ಟಿದೆ. ಮೊದಲು ಮಕ್ಕಳ ಲಾಕ್ ಬಿದ್ದಿದೆಯೇ, ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಬೇಕು. ಆಮೇಲೆ ಲಿವರಿನ ಹಿಂದಿನ ಸಣ್ಣ ಸ್ವಿಚ್ಚು, ಕೊನೆಗೆ ವಾಲ್ವಿನ ಸುರುಳಿ. ಸದ್ದು ಬಂದೂ ನೀರು ಬಾರದಿದ್ದರೆ ವಿದ್ಯುತ್ತಿನ ಕಡೆ ಸರಿಯಿದೆ ಎನ್ನಬಹುದು. ಹಿಂದಿನ ನಲ್ಲಿ ಮುಚ್ಚಿರಬಹುದು, ಪೈಪು ಗೋಡೆಗೆ ಒತ್ತಿ ಮಡಚಿರಬಹುದು, ಫಿಲ್ಟರ್ ಕಟ್ಟಿರಬಹುದು, ಬಾಗಿಲೊಳಗೆ ನೀರು ಹೆಪ್ಪುಗಟ್ಟಿರಬಹುದು. ನೀರು ದಿನೇ ದಿನೇ ಸಣ್ಣದಾಗುತ್ತ ಬಂದಿದ್ದರೆ ಅನುಮಾನ ಫಿಲ್ಟರಿನ ಮೇಲೆ. ಅದನ್ನು ತೆಗೆದು ಜೊತೆಗೆ ಬಂದ ಮುಚ್ಚಳ ಹಾಕಿದಾಗ ನೀರು ರಭಸವಾಗಿ ಬಂದರೆ ಅನುಮಾನ ನಿಜ. ಸಾಮಾನ್ಯವಾಗಿ ಫಿಲ್ಟರಿನ ಆಯುಸ್ಸು 6 ತಿಂಗಳು.

ನಿನ್ನೆ ಚೆನ್ನಾಗಿ ಬರುತ್ತಿದ್ದ ನೀರು ಇಂದು ಪೂರ್ತಿ ನಿಂತಿದ್ದರೆ ಹೆಪ್ಪುಗಟ್ಟಿದ ಕೊಳವೆಯನ್ನು ನೆನೆಯಬೇಕು. ಪ್ಲಗ್ ತೆಗೆದು, ಹಿಂದಿನ ನಲ್ಲಿ ಮುಚ್ಚಿ, ಫ್ರೀಜರಿನ ಸಾಮಾನು ಹೊರಗಿಟ್ಟು, ಕೆಲವು ಗಂಟೆ ಬಾಗಿಲು ತೆರೆದಿಟ್ಟರೆ ಐಸ್ ಕರಗುತ್ತದೆ. ಚಾಕುವಿನಿಂದ ಕೆರೆಯುವುದು, ಕುದಿಯುವ ನೀರು ಸುರಿಯುವುದು ಎರಡೂ ಪ್ಲಾಸ್ಟಿಕ್ಕಿಗೆ ಅಪಾಯ. ಫ್ರೀಜರ್ ಅಗತ್ಯಕ್ಕಿಂತ ತಣ್ಣಗಿದ್ದರೆ ಅದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ ಹೊಂದಿಸಬೇಕು. ಹಾಗೆ ಮಾಡಿಯೂ ಮತ್ತೆ ಮತ್ತೆ ಹೆಪ್ಪುಗಟ್ಟಿದರೆ ಬಾಗಿಲಿನ ಫೋಮ್ ಅಥವಾ ರಬ್ಬರ್ ಪಟ್ಟಿಯಲ್ಲಿ ದೋಷವಿರಬಹುದು. ಆಗ ಮೆಕ್ಯಾನಿಕ್ ಬರಲೇಬೇಕು.

ಪೈಪಿನ ಗೊಡವೆಯೇ ಇಲ್ಲದ ಡಿಸ್ಪೆನ್ಸರುಗಳೂ ನಮ್ಮ ಪೇಟೆಯಲ್ಲಿ ಸಿಗುತ್ತವೆ. ಬಾಗಿಲಿನ ಒಳಬದಿಯ ಡಬ್ಬಕ್ಕೆ ಮನೆಯವರೇ ನೀರು ತುಂಬುತ್ತಾರೆ, ಹೊರಗೆ ಲಿವರ್ ಒತ್ತಿದರೆ ಅದು ತನ್ನ ಭಾರದಿಂದಲೇ ಇಳಿಯುತ್ತದೆ. ವಿದ್ಯುತ್ತೂ ಬೇಡ, ಒತ್ತಡವೂ ಬೇಡ. ನೀರು ಬರುವ ಹೊತ್ತು ನಂಬಲಾಗದ ಊರಿಗೆ ಹೊಂದುವ ಏರ್ಪಾಡು. ಅದರ ರೋಗಗಳೂ ಸರಳ: ಡಬ್ಬ ಸರಿಯಾಗಿ ಕೂರದಿರುವುದು, ರಬ್ಬರ್ ವಾಷರ್ ಸವೆದು ಸೋರುವುದು, ಲೋಳೆ ಅಥವಾ ಸುಣ್ಣ ಕಟ್ಟಿ ಬಾಯಿ ಮುಚ್ಚುವುದು. ಡಬ್ಬ ಕಳಚಿ, ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಬಹಳ ಸಲ ಸರಿಹೋಗುತ್ತದೆ. ಹೂಜಿ ಉಜ್ಜಿದ ಕೈಗಳಿಗೆ ಇದು ಹೊಸ ಕೆಲಸವೇನೂ ಅಲ್ಲ.