ಹಾಡು ಕೆಟ್ಟಿತ್ತೊ, ಪೆಟ್ಟಿಗಿ ಕೆಟ್ಟಿತ್ತೊ?

ಹೋದ ವಾರ ಅಟ್ಟ ಸ್ವಚ್ಛ ಮಾಡೂ ಮುಂದ ಬೂಟಿನ ಡಬ್ಬಿ ತುಂಬ ಕ್ಯಾಸೆಟ್ ಸಿಕ್ಕೂವು. ಒಂದರ ಮ್ಯಾಲೆ ನಮ್ಮ ಅತ್ತಿಯವರ ಕೈಬರಹ: "ಲಗ್ನದ ಹಾಡು". ನೋಡಿದ ಕೂಡ್ಲೆ ನಮ್ಮ ಹಳೇ ಕಾರಿನ ಜಗಳ ನೆನಪಾತು.

ಕ್ಯಾಸೆಟ್ಟನ್ನ ಫಿಲಿಪ್ಸ್ ಕಂಪನಿ 1963ರಾಗ ಬರ್ಲಿನ್ನಿನ ಪ್ರದರ್ಶನದಾಗ ಮೊದಲ ತೋರಿಸ್ತು. ಅದಕ್ಕೂ ಮೊದಲ ಹಾಡು ಅಂದ್ರ ಗ್ರಾಮೋಫೋನ್ ಪ್ಲೇಟು, ಒಂದು ಬಾಜೂಕ ಮೂರು-ಮೂರೂವರಿ ಮಿನಿಟು. ನಮ್ಮ ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ಲರು ಸಣ್ಣ ವಯಸ್ಸಿನ್ಯಾಗ ಅಂಥಾ ಪ್ಲೇಟಿಗೆ "ಗಾಂಧಾರಿ" ಅನ್ನೂ ಹೆಸರಿನಿಂದ ಹಾಡಿದ್ರು. 1950ರಾಗ ಧಾರವಾಡಕ್ಕ ಆಕಾಶವಾಣಿ ಬಂತು. ಆದ್ರ ಪ್ಲೇಟಾಗ್ಲಿ, ರೇಡಿಯೋ ಆಗ್ಲಿ, ಕರದವರಿಗಷ್ಟ. ಅರಿಶಿಣ ಹಚ್ಚೂ ಮುಂದ ಹಾಡೂ ನಮ್ಮ ಅತ್ತಿಯಂಥವರನ್ನ ಯಾರು ಕರೀತಾರ? ಕ್ಯಾಸೆಟ್ ಬಂದ ಮ್ಯಾಲೆ ಕರೀಲಿಕ್ಕೆ ಕಾಯೂ ಕಾರಣ ಉಳೀಲಿಲ್ಲ. ಅಡಗಿ ಮನ್ಯಾಗ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ್ರ ಮುಗೀತು. ನನ್ನ ನಾದಿನಿ ಹಂಗ ತುಂಬಿದ ಕ್ಯಾಸೆಟ್ ಇದು. ಇನ್ನೊಂದು ಪ್ರತಿ ಇರಲಿಲ್ಲ.

ತೊಂಬತ್ತರ ದಶಕದ ಮಾತು. ಧಾರವಾಡಕ್ಕ ನನ್ನ ತವರಿಗೆ ಹೊಂಟಿದ್ವಿ. ಹುಬ್ಬಳ್ಳಿ ಬಿಟ್ಟು ಧಾರವಾಡ ಮುಟ್ಟೂದ್ರಾಗ ಕ್ಯಾಸೆಟ್ಟಿನ ಒಂದು ಬಾಜೂ ಮುಗೀತಿತ್ತು. ಉಣಕಲ್ಲ ಕೆರಿ ಹತ್ರ ಗಂಗೂಬಾಯಿಯವರ ಹಾಡು ನಡದಿತ್ತು. ನನ್ನ ಮೈದುನ ಅಂದ, "ವೈನಿ, ಇದರ ಬೆಲ್ಟ್ ಸಡಲ ಆಗೇದ. ಗಂಡಸರು ಹಾಡಿಧಂಗ ಕೇಳಸ್ತದ."

ಹಿಂದಿನ ಸೀಟಿನಿಂದ ಅತ್ತಿ ಅಂದ್ರು, "ಏ ತಮ್ಮಾ, ಅವರ ಧ್ವನೀನ ಹಂಗದನೋ. ಗಂಟಲಿಗೆ ಚಿಕಿತ್ಸೆ ಆದ ಮ್ಯಾಲೆ ಗಡಸಾತು."

ಇಬ್ಬರದೂ ವಾದ ನಡೀತು. ಕಡೀಕ ಅತ್ತಿನ ತಮ್ಮ ಕ್ಯಾಸೆಟ್ ಕೊಟ್ಟು "ಇದನ್ನ ಹಚ್ಚು" ಅಂದ್ರು. ಹಚ್ಚಿದ್ರ ಅವರ ಧ್ವನಿ ಅವರ ಅಣ್ಣನ ಧ್ವನಿಯಂಗ ಬಂತು! "ಇದು ನಾನಲ್ಲ" ಅಂತ ಅತ್ತಿ ಗಾಬರಿ. ಹಾಡು ಎಳೀತ, ಎಳೀತ ನಿಂತ ಬಿಡ್ತು. ಕ್ಯಾಸೆಟ್ ತೆಗದ್ರ ಶಾವಿಗಿಯಂಗ ಟೇಪು ಹೊರಗ. ಮೈದುನ ಜಗ್ಗಲಿಕ್ಕೆ ಹೋದ, ಅತ್ತಿ ಅವನ ಕೈ ಗಟ್ಟಿ ಹಿಡದ್ರು.

ಮರುದಿನ ದುರ್ಗದಬೈಲ್ ಕಡೆ ಒಬ್ಬ ರಿಪೇರಿಯವರು ಪೆಟ್ಟಿಗಿ ಬಿಚ್ಚಿ, ಟೇಪು ಹರೀಧಂಗ ಬಿಡಿಸಿ ಕೊಟ್ಟು, ನಮಗೂ ತಿಳಿಸಿ ಹೇಳಿದ್ರು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ಎರಡಿಂಚಿಗೆ ಸ್ವಲ್ಪ ಕಮ್ಮಿ. ಒಂದು ಉಕ್ಕಿನ ಕಡ್ಡಿ, ಒಂದು ರಬ್ಬರ್ ಗಾಲಿ ನಡುವ ಹಿಡದು ಅದನ್ನ ಮುಂದ ದೂಡ್ತಾವ, ಚಕ್ರ ಅದನ್ನ ಸುತ್ತಿಕೋತದ. ಇದನ್ನೆಲ್ಲಾ ತಿರುಗಸೂದು ರಬ್ಬರ್ ಬೆಲ್ಟು. ಬಿಸಲಾಗ ನಿಂತ ಕಾರಿನ್ಯಾಗ ಅದು ಸಡಲ ಆಗ್ತದ. ಆವಾಗ ಹಾಡು ನಿಧಾನ, ಧ್ವನಿ ದಪ್ಪ. ಚಕ್ರ ಹಿಂದ ಬಿತ್ತಂದ್ರ ಟೇಪು ಗಾಲಿಗೆ ಸುತ್ತಿಕೋತದ.

ಅವರು ಹೇಳಿದ್ದು ನಾ ಇನ್ನೂ ಮರತಿಲ್ಲ. ಒಂದ ಕ್ಯಾಸೆಟ್ ಕೆಟ್ಟು ಕೇಳಿದ್ರ ತಪ್ಪು ಕ್ಯಾಸೆಟ್ಟಿಂದು, ಎಲ್ಲಾ ಕೆಟ್ಟು ಕೇಳಿದ್ರ ಪೆಟ್ಟಿಗಿದು. ಧ್ವನಿ ಮಬ್ಬಾದ್ರ ಹೆಡ್ಡಿಗೆ ಟೇಪಿನ ಕಂದು ಪುಡಿ ಕೂತಿರ್ತದ, ಕಡ್ಡಿಗೆ ಅರಳಿ ಸುತ್ತಿ ಸ್ಪಿರಿಟ್ಟಿನ್ಯಾಗ ಅದ್ದಿ ಒರಸಬೇಕು. ಅಂದ್ರ ಮೈದುನ ಬೆಲ್ಟಿನ ವಿಷಯದಾಗ ಖರೇ, ಅತ್ತಿ ಗಂಗೂಬಾಯಿಯವರ ವಿಷಯದಾಗ ಖರೇ. ನಮಗ ಗೊತ್ತಿರೂ ಧ್ವನಿ ಹಚ್ಚಿ ನೋಡೂತನಾ ತಪ್ಪು ಎಲ್ಲೆ ಅದ ಅಂತ ತಿಳೀಲಿಲ್ಲ.

ಹೊಸಾ ಬೆಲ್ಟ್ ಹಾಕಿದ ಮ್ಯಾಲೆ ಮೊದಲ ಒಂದು ಬ್ಯಾಡಾದ ಸಿನಿಮಾ ಕ್ಯಾಸೆಟ್ ಓಡಿಸಿ ನೋಡಿದ್ವಿ. ಅತ್ತಿಯವರ ಕ್ಯಾಸೆಟ್ಟಿಗೆ ಪೆನ್ಸಿಲ್ ಹಾಕಿ ಸಾವಕಾಶ ಸುತ್ತಿದ್ವಿ. ಟೇಪು ಹರೀಲಿಲ್ಲ, ಒಂದು ಕಡೆ ಮಡಚಿದ ಗುರ್ತು ಮಾತ್ರ ಉಳೀತು. ಆ ವಾರನ ಎರಡು ಪ್ರತಿ ತೆಗಿಸಿದ್ವಿ.

ಈಗ ಅತ್ತಿ ಇಲ್ಲ. ಮನ್ಯಾಗ ಲಗ್ನ ಇದ್ದಾಗ ಮೊಮ್ಮಕ್ಕಳು ಮೊಬೈಲಿನ್ಯಾಗ ಅದನ್ನ ಹಚ್ತಾರ. ಮಡಚಿದ ಜಾಗಾ ಬಂದ ಕೂಡ್ಲೆ ಎರಡು ಶಬ್ದ ಕೇಳಸೂದಿಲ್ಲ. ಅಲ್ಲೆ ನಾವೆಲ್ಲಾರೂ ಕೂಡಿ ಆ ಎರಡು ಶಬ್ದ ಹಾಡತೇವಿ. ಹಂಗ ಹಾಡಿ ಹಾಡಿ ಹುಡುಗಿಯರಿಗೆ ಇಡೀ ಹಾಡು ಬಾಯಿಪಾಠ ಆಗೇದ.

ನಿಮ್ಮ ಅಟ್ಟದಾಗೂ ಅಂಥಾ ಡಬ್ಬಿ ಇದ್ರ ತೆಗದ ನೋಡ್ರಿ. ಆದ್ರ ಅವ್ವನ ಧ್ವನಿ ಇರೂ ಕ್ಯಾಸೆಟ್ಟನ್ನ ಮೊದಲ ಹಾಕಬ್ಯಾಡ್ರಿ. ಬ್ಯಾಡಾದ್ದೊಂದು ಹಾಕಿ ಪೆಟ್ಟಿಗಿ ನೆಟ್ಟಗದ ಅಂತ ಖಾತ್ರಿ ಮಾಡ್ಕೊಳ್ರಿ.