ಟ್ರಾಕ್ಟರಿಗೆ ಹಲ್ಲು ನೋಡಿದ ಕಥೆ

ಎತ್ತು ಕೊಳ್ಳುವ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಒಮ್ಮೆ ಹೋಗಿ ಬಂದವರಿಗೆ ಅದರ ಕ್ರಮ ಗೊತ್ತು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಸುಳಿ ಎಲ್ಲೆಲ್ಲಿ ಬಿದ್ದಿದೆಯೆಂದು ನೋಡುತ್ತಾರೆ. ಹತ್ತು ಹೆಜ್ಜೆ ನಡೆಸಿ ಗೊರಸು ಊರುವ ರೀತಿಯನ್ನು ಗಮನಿಸುತ್ತಾರೆ. ಆಮೇಲೆ ದಲ್ಲಾಳಿಯ ಕೈ ಟವಲಿನ ಕೆಳಗೆ ಸೇರುತ್ತದೆ. ಬೆಲೆ ಬೆರಳುಗಳಲ್ಲೇ ತೀರ್ಮಾನವಾಗುತ್ತದೆ. ದಲ್ಲಾಳಿ ಎಷ್ಟೇ ಬಣ್ಣ ಕಟ್ಟಿ ಹೇಳಲಿ, ಬಾಯಿಗೂಡಿದ ಎತ್ತನ್ನು ಎರಡು ಹಲ್ಲಿನ ಹೋರಿ ಎಂದು ನಂಬಿಸಲಾರ. ಹಲ್ಲು ಸುಳ್ಳು ಹೇಳುವುದಿಲ್ಲ.

ಟ್ರಾಕ್ಟರಿನ ಹಲ್ಲುಗಳಾದರೋ ಗೇರುಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಹೊರಗಿನಿಂದ ಕಾಣುವುದು ಹೊಳೆಯುವ ಬಣ್ಣ ಮಾತ್ರ.

ಓದುಗರೇ, ನೀವು ಪಟ್ಟಣವಾಸಿಗಳು. ಟ್ರಾಕ್ಟರಿನ ಮಾತು ನಮಗೇತಕ್ಕೆ ಎನ್ನಬಹುದು. ಆದರೆ ಊರಿನಲ್ಲಿ ಜಮೀನು ನೋಡಿಕೊಂಡಿರುವ ಅಣ್ಣನೋ ಭಾವನೋ ಒಂದು ದಿನ ನಿಮ್ಮನ್ನು ಕೇಳದೆ ಬಿಡುವುದಿಲ್ಲ: "ಓದಿದವನು, ಪೇಟೆಯಲ್ಲಿದ್ದೀಯೆ, ಈ ಹೊಸ ಸಣ್ಣ ಟ್ರಾಕ್ಟರು ಹೇಗಂತೆ, ಸ್ವಲ್ಪ ವಿಚಾರಿಸಿ ಹೇಳು." ಯಾರನ್ನು ವಿಚಾರಿಸುವುದು? ಮಾರುವವನನ್ನು ಕೇಳಿದರೆ ಉತ್ತರ ಮೊದಲೇ ಗೊತ್ತು. ಕೊಂಡವನನ್ನು ಕೇಳೋಣವೆಂದರೆ, ಮಾದರಿ ಹೊಸದು; ಕೊಂಡವನೇ ಇಲ್ಲ. ಇದ್ದರೂ, ಸಾಲ ಮಾಡಿ ತಂದ ಪದಾರ್ಥವನ್ನು ಕೆಟ್ಟದ್ದೆಂದು ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟು ಜನಕ್ಕೆ ಉಂಟು? ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆ ಅಮೆರಿಕದ ಒಬ್ಬ ರೈತ ಒಂದು ಉತ್ತರ ಕಂಡುಕೊಂಡ. ಅದು ಕೇಳತಕ್ಕ ಕಥೆ.

ಅಮೆರಿಕ ದೇಶದ ನಡುಮಧ್ಯದಲ್ಲಿ ನೆಬ್ರಾಸ್ಕ ಎಂಬುದೊಂದು ಸಂಸ್ಥಾನ. ಗೋಧಿ, ಮುಸುಕಿನ ಜೋಳಗಳ ಬಯಲು ಸೀಮೆ. ಅಲ್ಲಿಯ ಪೋಕ್ ಜಿಲ್ಲೆಯ ಆಸಿಯೋಲ ಎಂಬ ಊರಿನ ಕಡೆ ವಿಲ್ಮಟ್ ಕ್ರೋಜಿಯರ್ ಎಂಬಾತ ಬೇಸಾಯ ಮಾಡಿಕೊಂಡಿದ್ದ. ಮೊದಲನೆಯ ಮಹಾಯುದ್ಧದ ಕಾಲ. ಧಾನ್ಯಕ್ಕೆ ಬೆಲೆ ಏರಿತ್ತು. ಕುದುರೆಗಳೂ ಆಳುಗಳೂ ಯುದ್ಧದ ಪಾಲಾಗುತ್ತಿದ್ದರು. ಟ್ರಾಕ್ಟರು ಎಂದರೆ ಸಾಕು, ಕೊಳ್ಳುವವರು ಮುಗಿಬೀಳುತ್ತಿದ್ದರು. ನೂರಕ್ಕೂ ಮೀರಿದ ಕಂಪೆನಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಕೆಲವು ನಿಜವಾಗಿ ಯಂತ್ರ ಮಾಡುತ್ತಿದ್ದವು. ಮತ್ತೆ ಕೆಲವು ಷೇರು ಮಾರುವುದಕ್ಕಾಗಿ ಯಂತ್ರದ ಚಿತ್ರ ಅಚ್ಚು ಹಾಕಿಸುತ್ತಿದ್ದವು ಎಂದರೆ ಹೆಚ್ಚಿನ ಮಾತಲ್ಲ.

ಕ್ರೋಜಿಯರ್ ಕೊಂಡದ್ದು 'ಫೋರ್ಡ್' ಟ್ರಾಕ್ಟರು. ಹೆಸರು ಕೇಳಿದೊಡನೆ ನಿಮಗೆ ಹೆನ್ರಿ ಫೋರ್ಡನ ನೆನಪಾಗುತ್ತದೆ, ಅವನಿಗೂ ಆಗಿರಬೇಕು. ಕಂಪೆನಿಯವರ ಉದ್ದೇಶವೂ ಅದೇ. ಮಿನಿಯಾಪೊಲಿಸ್ ನಗರದ ಆ ಕಂಪೆನಿಗೂ ಮೋಟಾರು ಕಾರಿನ ಫೋರ್ಡನಿಗೂ ಯಾವ ಸಂಬಂಧವೂ ಇರಲಿಲ್ಲ. ಫೋರ್ಡ್ ಎಂಬ ಹೆಸರಿನ ಬೇರೊಬ್ಬ ಯುವಕನನ್ನು ಹುಡುಕಿ ಕೆಲಸಕ್ಕಿಟ್ಟುಕೊಂಡು, ಆ ಹೆಸರನ್ನು ಯಂತ್ರದ ಮೇಲೆ ಬರೆಸಿದ್ದರು. ಹೆನ್ರಿ ಫೋರ್ಡನು 1917ರಲ್ಲಿ ತನ್ನ ಟ್ರಾಕ್ಟರನ್ನು 'ಫೋರ್ಡ್‌ಸನ್' ಎಂದು ಕರೆಯಬೇಕಾಗಿ ಬಂದುದಕ್ಕೆ, ತನ್ನ ಹೆಸರು ಹೀಗೆ ಬೇರೆಯವರ ಕೈ ಸೇರಿದ್ದುದೂ ಒಂದು ಕಾರಣ.

ಆ ಯಂತ್ರ ಕ್ರೋಜಿಯರನ ಹೊಲದಲ್ಲಿ ಕೆಲಸ ಮಾಡಲಿಲ್ಲ. ಆತ ಹಟ ಹಿಡಿದು ಬದಲಿ ತರಿಸಿದ. ಬದಲಿಯೂ ಅದೇ ಜಾತಿಯದು. ಕೈಬಿಟ್ಟು 'ಬಿಗ್ ಬುಲ್' ಎಂಬ ಇನ್ನೊಂದನ್ನು, ಹಳೆಯದನ್ನೇ, ಕೊಂಡ. ಹೆಸರಿಗೆ ದೊಡ್ಡ ಗೂಳಿ. ನೇಗಿಲಿಗೆ ಕಟ್ಟಿದರೆ ಅದೂ ಮೊಂಡು ಹಿಡಿಯಿತು. ಈ ಬುಲ್ ಕಂಪೆನಿಯದು ಸ್ವಾರಸ್ಯದ ವೃತ್ತಾಂತ. 1914ರಲ್ಲಿ ಅವರ 'ಲಿಟಲ್ ಬುಲ್' ಎಂಬ ಮೂರು ಚಕ್ರದ ಪುಟ್ಟ ಟ್ರಾಕ್ಟರು 335 ಡಾಲರಿಗೆ ಸಿಕ್ಕುತ್ತಿತ್ತು. ಅದಕ್ಕೆ ಮುಂಚಿನ ಟ್ರಾಕ್ಟರುಗಳು ರೈಲಿನ ಎಂಜಿನ್ನಿನಂಥ ಭೀಮಗಾತ್ರದವು. ಸಣ್ಣ ಹಿಡುವಳಿಯವನು ಮುಟ್ಟುವಂತಿರಲಿಲ್ಲ. ಸಣ್ಣವನ ಕೈಗೆಟುಕುವ ಯಂತ್ರ ಬಂತೆಂದು ಜನ ನಂಬಿದರು, ಕೊಂಡರು. ನಂಬಿದವರು ದಡ್ಡರಲ್ಲ, ಅವರ ಅಗತ್ಯ ಅಂಥದು. ಮೋಸ ಹೋಗುವವನು ಬಹುಮಟ್ಟಿಗೆ ಈ ಸಣ್ಣ ರೈತನೇ ಎಂಬುದನ್ನು ಮರೆಯಬಾರದು. ದೊಡ್ಡ ಜಮೀನುದಾರನಿಗೆ ಒಂದು ಯಂತ್ರ ಕೆಟ್ಟರೆ ಇನ್ನೊಂದು ಉಂಟು. ಇವನಿಗೆ ಒಂದು ಮಳೆಗಾಲ ತಪ್ಪಿದರೆ ವರ್ಷವೇ ತಪ್ಪಿತು.

ಮೂರನೆಯ ಸಲ ಕ್ರೋಜಿಯರ್ 'ರೂಮ್ಲಿ' ಎಂಬ ಟ್ರಾಕ್ಟರು ತಂದ. ಅದು ಕಂಪೆನಿಯವರು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಎಳೆಯಿತು! ಇಲ್ಲಿ ಬೇರೆಯವರಾದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ಈತನ ತಲೆಯಲ್ಲಿ ಬೇರೆ ಯೋಚನೆ ಹುಟ್ಟಿತು. ಒಳ್ಳೆಯದೂ ಕೆಟ್ಟದ್ದೂ ಒಂದೇ ಬಗೆಯ ಜಾಹೀರಾತಿನಲ್ಲಿ ಬರುತ್ತಿರುವಾಗ, ಒಳ್ಳೆಯದನ್ನು ಗುರುತಿಸಲು ಮೂರು ಸಲ ದುಡ್ಡು ಕಳೆಯಬೇಕೆ? ಒಬ್ಬೊಬ್ಬ ರೈತನೂ ತನ್ನ ಹೊಲವನ್ನೇ ಪ್ರಯೋಗಶಾಲೆ ಮಾಡಿಕೊಳ್ಳಬೇಕೆ?

ಆತ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾದ. ಚಾರ್ಲ್ಸ್ ವಾರ್ನರ್ ಎಂಬ ಸೆನೆಟರನ ನೆರವೂ, ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಕೃಷಿ ಎಂಜಿನಿಯರಿಂಗ್ ವಿಭಾಗದ ಚೇಸ್ ಎಂಬ ಪ್ರಾಧ್ಯಾಪಕರ ಸಲಹೆಯೂ ದೊರೆತವು. 1919ರಲ್ಲಿ ಟ್ರಾಕ್ಟರು ಪರೀಕ್ಷೆಯ ಕಾಯಿದೆ ಜಾರಿಗೆ ಬಂತು. ಯಾವ ಕಂಪೆನಿಯೇ ಆಗಲಿ ನೆಬ್ರಾಸ್ಕದಲ್ಲಿ ಹೊಸ ಮಾದರಿಯೊಂದನ್ನು ಮಾರಬೇಕಾದರೆ, ಅದೇ ಮಾದರಿಯ ಒಂದು ಟ್ರಾಕ್ಟರನ್ನು ಮೊದಲು ವಿಶ್ವವಿದ್ಯಾನಿಲಯಕ್ಕೆ ಪರೀಕ್ಷೆಗೆ ಒಪ್ಪಿಸಬೇಕು. ಮೂವರು ಎಂಜಿನಿಯರುಗಳ ಮಂಡಳಿ ಫಲಿತಾಂಶವನ್ನು ಕಂಪೆನಿಯ ಹೇಳಿಕೆಯೊಡನೆ ಹೋಲಿಸಿ ನೋಡಬೇಕು. ಆಮೇಲೆ ಮಾರಾಟದ ಪರವಾನಗಿ. ಬಿಡಿಭಾಗಗಳು ದೊರೆಯುವ ಏರ್ಪಾಡನ್ನೂ ಕಂಪೆನಿ ಮಾಡಿರಬೇಕು. ಇಷ್ಟೇ ಆಗಿದ್ದರೆ ಕಾಯಿದೆ ಬುದ್ಧಿವಂತಿಕೆಯದು ಎನ್ನಬಹುದಿತ್ತು. ಅದನ್ನು ಮೀರಿದ ಒಂದು ಅಂಶ ಅದರಲ್ಲಿತ್ತು: ಪರೀಕ್ಷೆಯ ಫಲಿತಾಂಶವನ್ನು ಜಾಹೀರಾತಿನಲ್ಲಿ ಹಾಕುವುದಾದರೆ ಪೂರ್ತಿಯಾಗಿ ಹಾಕಬೇಕು, ಅನುಕೂಲದ ಸಾಲನ್ನು ಮಾತ್ರ ಕತ್ತರಿಸಿ ತೋರಿಸುವಂತಿಲ್ಲ. ಅರ್ಧ ಸತ್ಯದ ವ್ಯಾಪಾರವನ್ನು ಬಲ್ಲವರೇ ಬರೆದ ವಾಕ್ಯ ಅದು.

1919ರ ಕೊನೆಯಲ್ಲಿ ಒಂದು ಟ್ರಾಕ್ಟರನ್ನು ಪರೀಕ್ಷೆಗೆ ಎತ್ತಿಕೊಂಡರು. ಹಿಮ ಬಿದ್ದು ಮುಗಿಸಲಾಗಲಿಲ್ಲ. ಮರುವರ್ಷದ ವಸಂತದಲ್ಲಿ, 1920ರ ಏಪ್ರಿಲಿನಲ್ಲಿ, 'ವಾಟರ್ಲೂ ಬಾಯ್' ಎಂಬ ಮಾದರಿ ಮೊದಲನೆಯದಾಗಿ ಪರೀಕ್ಷೆ ಮುಗಿಸಿತು. ಅದರ ದರ್ಜೆ 12-25. ಎಂದರೆ ನೇಗಿಲು ಎಳೆಯುವಾಗ 12 ಅಶ್ವಶಕ್ತಿ, ಪಟ್ಟೆ ಹಾಕಿ ಒಕ್ಕಣೆಯಂತ್ರವನ್ನೋ ಪಂಪನ್ನೋ ತಿರುಗಿಸುವಾಗ 25. ಒಂದೇ ಯಂತ್ರಕ್ಕೆ ಎರಡು ಅಂಕಿ ಏಕೆ ಎಂದು ನೀವು ಕೇಳುವುದು ನ್ಯಾಯ. ಎಂಜಿನ್ನು ಹುಟ್ಟಿಸಿದ ಶಕ್ತಿಯಲ್ಲಿ ಒಂದು ಪಾಲು ಗೇರುಗಳನ್ನು ತಿರುಗಿಸುವುದರಲ್ಲಿ, ಒಂದು ಪಾಲು ಯಂತ್ರ ತನ್ನ ಭಾರವನ್ನು ತಾನೇ ಹೊತ್ತು ನಡೆಯುವುದರಲ್ಲಿ, ಮತ್ತೊಂದು ಪಾಲು ಚಕ್ರ ಮಣ್ಣಿನಲ್ಲಿ ಜಾರುವುದರಲ್ಲಿ ಸೋರಿಹೋಗುತ್ತದೆ. ನೇಗಿಲಿಗೆ ಸಿಕ್ಕುವುದು ಉಳಿದದ್ದು. ಸಂಬಳದಲ್ಲಿ ಹಿಡಿತಗಳೆಲ್ಲ ಕಳೆದು ಕೈಗೆ ಬರುವ ಮೊತ್ತದಂತೆ. ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವುದು ಸಂಬಳ. ರೈತ ಉಳುವುದು ಕೈಗೆ ಬಂದದ್ದರಲ್ಲಿ.

ಪರೀಕ್ಷೆಯ ಕ್ರಮ ಸರಳವಾಗಿತ್ತು, ಆದರೆ ಬಿಗಿಯಾಗಿತ್ತು. ಮೊದಲು ಹಲವು ಗಂಟೆ ಓಡಿಸಿ ಯಂತ್ರದ ಮೈ ಸಡಿಲಿಸುವುದು. ಆಮೇಲೆ ಪಟ್ಟೆಯ ಮೂಲಕ ಅಳತೆಯ ಯಂತ್ರಕ್ಕೆ ಜೋಡಿಸಿ, ಪೂರ್ಣ ಹೊರೆಯಲ್ಲಿ, ಅರ್ಧ ಹೊರೆಯಲ್ಲಿ, ಏರಿಳಿಯುವ ಹೊರೆಯಲ್ಲಿ ಶಕ್ತಿಯೆಷ್ಟು, ಇಂಧನದ ಖರ್ಚೆಷ್ಟು ಎಂದು ಬರೆದುಕೊಳ್ಳುವುದು. ಕೊನೆಗೆ ಹೊರಗಿನ ಓಟದ ಪಥದಲ್ಲಿ ಭಾರ ಎಳೆಸುವುದು. ನಡುವೆ ಏನು ಮುರಿಯಿತು, ಏನನ್ನು ಬದಲಿಸಿದರು ಎಂಬುದೆಲ್ಲ ವರದಿಯಲ್ಲಿ ದಾಖಲು. ಮೊದಲ ವರ್ಷ ಅನೇಕ ಯಂತ್ರಗಳು ನಡುದಾರಿಯಲ್ಲಿ ತಿದ್ದುಪಡಿ ಮಾಡಿಸಿಕೊಂಡು ಮುಂದೆ ಹೋದವು. ಕೆಲವು ಕಂಪೆನಿಗಳು ಅರ್ಜಿ ಹಾಕಿ, ಆಮೇಲೆ ಸದ್ದಿಲ್ಲದೆ ಹಿಂತೆಗೆದುಕೊಂಡವು. ಒಂದು ಸಂಸ್ಥಾನದ ಕಾಯಿದೆಯಾದರೂ ವರದಿಗಳು ಅಚ್ಚಾಗಿ ಗಡಿ ದಾಟಿದವು. ಬೇರೆ ಸೀಮೆಗಳ ರೈತರೂ ಅವನ್ನು ನೋಡಿಕೊಂಡು ಕೊಳ್ಳತೊಡಗಿದರು.

ಹಾಗೆಂದು ವರದಿಯೇ ಸರ್ವಸ್ವವೆಂದುಕೊಂಡರೆ ಇನ್ನೊಂದು ಬಗೆಯಲ್ಲಿ ಎಡವಿದಂತೆ. ಫೋರ್ಡ್‌ಸನ್ ಕೂಡ 1920ರಲ್ಲಿ ಲಿಂಕನ್ ನಗರದ ಈ ಪರೀಕ್ಷೆಗೆ ಬಂತು. ಅಗ್ಗದ, ಹಗುರವಾದ ಟ್ರಾಕ್ಟರು, ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಅದರ ಮುಂಭಾಗ ಮೇಲಕ್ಕೆದ್ದು ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು, ನಡೆಸುವವನು ಅಡಿಯಲ್ಲಿ. ಹೀಗೆ ಸತ್ತವರು ಉಂಟು. ಸಮತಟ್ಟಾದ ಪಥದಲ್ಲಿ ಭಾರ ಎಳೆಸಿದರೆ ಈ ದೋಷ ಅಳತೆಗೆ ಸಿಕ್ಕುವುದಿಲ್ಲ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ನೇಗಿಲನ್ನು ಮೂರು ಕೊಂಡಿಗಳಿಂದ ಟ್ರಾಕ್ಟರಿಗೇ ಜೋಡಿಸುವ ಉಪಾಯ ಕಂಡುಹಿಡಿದದ್ದು ಈ ಅಪಾಯಕ್ಕೂ ಪರಿಹಾರವಾಯಿತು. 1939ರಲ್ಲಿ ಹೆನ್ರಿ ಫೋರ್ಡನೊಡನೆ ಸೇರಿ ಆತ ಹೊರತಂದ ಬೂದು ಬಣ್ಣದ ಸಣ್ಣ ಟ್ರಾಕ್ಟರು, ನೇಗಿಲಿನ ಎಳೆತವನ್ನೇ ಹಿಂಚಕ್ರದ ಮೇಲೆ ಭಾರವಾಗಿಸಿಕೊಂಡು, ತನ್ನ ತೂಕಕ್ಕೆ ಮೀರಿದ ಕೆಲಸ ಮಾಡುತ್ತಿತ್ತು. ಇಂದು ನಮ್ಮ ಹಳ್ಳಿಗಳಲ್ಲಿ ಓಡಾಡುವ ಟ್ರಾಕ್ಟರುಗಳ ಹಿಂದೆ ನೀವು ನೋಡುವ ಮೂರು ಕೊಂಡಿಗಳು ಆ ವಂಶದವೇ.

ನೆಬ್ರಾಸ್ಕದ ಪರೀಕ್ಷಾಲಯ ಇಂದಿಗೂ ಇದೆ. ಕಾಯಿದೆಯ ಕಡ್ಡಾಯವನ್ನು ಮಾತ್ರ ಕಾಲಕ್ರಮದಲ್ಲಿ ದೊಡ್ಡ ಅಶ್ವಶಕ್ತಿಯ ಟ್ರಾಕ್ಟರುಗಳಿಗೆ ಸೀಮಿತಗೊಳಿಸಿದರು. ಸಣ್ಣ ರೈತನ ಸಂಕಟದಿಂದ ಹುಟ್ಟಿದ ಕಾಯಿದೆಯ ಹೊರಗೆ ಸಣ್ಣ ಟ್ರಾಕ್ಟರೇ ಉಳಿದದ್ದು ನನಗೆ ಅಷ್ಟು ಸರಿಕಾಣುವುದಿಲ್ಲ.

ನಮ್ಮಲ್ಲಿಯ ಸಂಗತಿಯೇನು? ಮಧ್ಯಪ್ರದೇಶದಲ್ಲಿ ನರ್ಮದಾ ತೀರದ ಬುದನಿ ಎಂಬಲ್ಲಿ 1955ರಲ್ಲಿ ಕೇಂದ್ರ ಸರಕಾರದವರು ಟ್ರಾಕ್ಟರು ತರಬೇತಿ ಕೇಂದ್ರವೊಂದನ್ನು ತೆರೆದರು. ಬೇಗನೆ ಅದಕ್ಕೆ ಪರೀಕ್ಷೆಯ ಕೆಲಸವೂ ಸೇರಿತು. ದಕ್ಷಿಣದವರಿಗಾಗಿ ಅಂಥದೇ ಸಂಸ್ಥೆಯೊಂದು ನಮ್ಮ ಗಡಿಗೆ ಹತ್ತಿರದಲ್ಲೇ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಸಣ್ಣ ಟ್ರಾಕ್ಟರಿನ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪಾಲುಂಟು. 1967ರಲ್ಲಿ ಇಲ್ಲಿ ಆರಂಭವಾದ ವಿ.ಎಸ್.ಟಿ. ಕಂಪೆನಿ, ಜಪಾನಿನ ಮಿತ್ಸುಬಿಷಿಯವರ ಸಹಕಾರದಿಂದ ಮೊದಲು ಪವರ್ ಟಿಲ್ಲರುಗಳನ್ನೂ, 1980ರ ದಶಕದಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿಯಿರುವ 18.5 ಅಶ್ವಶಕ್ತಿಯ ಪುಟ್ಟ ಟ್ರಾಕ್ಟರನ್ನೂ ತಯಾರಿಸಿತು. ದ್ರಾಕ್ಷಿಯ ಸಾಲುಗಳ ನಡುವೆ, ತೋಟದ ಮರಗಳ ನಡುವೆ ನುಸುಳಬೇಕಾದ ಯಂತ್ರಕ್ಕೆ ಅಗಲವೂ ತಿರುವಿನ ಅಳತೆಯೂ ಅಶ್ವಶಕ್ತಿಗಿಂತ ಕಡಿಮೆಯ ವಿಷಯಗಳಲ್ಲ. ಅದನ್ನು ಕರಪತ್ರ ನೋಡಿ ನಿರ್ಣಯಿಸುವುದಕ್ಕಿಂತ, ಒಂದು ಹಗ್ಗ ಹಿಡಿದು ತೋಟದ ಸಾಲನ್ನು ಅಳೆದುಕೊಂಡು ಅಂಗಡಿಗೆ ಹೋಗುವುದು ಮೇಲು.

ಆದ್ದರಿಂದ ಊರಿನ ಅಣ್ಣ ಕೇಳಿದರೆ ಹೀಗೆ ಹೇಳಿ: ಮಾರುವವನ ಹತ್ತಿರ ಆ ಮಾದರಿಯ ಸರಕಾರಿ ಪರೀಕ್ಷಾ ವರದಿಯನ್ನು, ಇಡಿಯಾಗಿ, ಕೇಳು. ವರದಿ ದಪ್ಪಗಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ. ನೀವು ಓದಿ ಹೇಳಬೇಕಾದದ್ದು ಅಲ್ಲೇ. ಎಂಜಿನ್ನಿನ ಶಕ್ತಿಯ ಸಾಲನ್ನು ದಾಟಿ, ಪಿ.ಟಿ.ಓ. ದಂಡದಲ್ಲಿ ದೊರೆತ ಶಕ್ತಿ, ಎಳೆತದಲ್ಲಿ ಉಳಿದ ಶಕ್ತಿ, ಗಂಟೆಗೆ ಸುಟ್ಟ ಡೀಸೆಲು ಇವನ್ನು ನೋಡಿ. ಬೇಸಗೆಯ ಬಿಸಿಯಲ್ಲಿ ಶಕ್ತಿ ಎಷ್ಟು ಕುಗ್ಗಿತು ಎಂಬುದಕ್ಕೆ ಬೇರೆಯೇ ಒಂದು ಪರೀಕ್ಷೆಯಿದೆ. ರಾಯಚೂರು ಕಲಬುರ್ಗಿಗಳ ಕಡೆಯವರು ಅದನ್ನು ಎರಡು ಸಲ ಓದಬೇಕು. ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸಿತು, ನಡೆಸುವವನ ಕಿವಿಗೆ ಸದ್ದೆಷ್ಟು, ಕೂತ ಜಾಗದಲ್ಲಿ ನಡುಕವೆಷ್ಟು ಎಂಬುದೂ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಎಂಜಿನ್ನನ್ನು ಬಿಚ್ಚಿ ಎಲ್ಲೆಲ್ಲಿ ಸವೆದಿದೆಯೆಂದು ಅಳೆದಿರುತ್ತಾರೆ. ಕೊನೆಯ ಪುಟಗಳಲ್ಲಿ ಕೆಟ್ಟದ್ದು, ಸರಿಪಡಿಸಿದ್ದು, ತಿದ್ದಿಕೊಳ್ಳಬೇಕಾದದ್ದು ಇವುಗಳ ಪಟ್ಟಿಯಿರುತ್ತದೆ. ಯಂತ್ರದ ಜೊತೆ ಕೊಡುವ ಕೈಪಿಡಿ ಸರಿಯಾಗಿದೆಯೇ ಎಂಬುದನ್ನು ಸಹ ಅಲ್ಲಿ ಬರೆದಿರುತ್ತಾರೆ. ಮಾರುವವನು ಆ ಪುಟಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೊಟ್ಟರೆ, ಬಿಟ್ಟ ಪುಟಗಳನ್ನೇ ಮೊದಲು ಕೇಳಿ.