ಸೊಳ್ಳೆಯೊಳಗಿನ ಒಕ್ಕಲು: ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಕಥೆ

2024ರ ಮಳೆಗಾಲದಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿಮಾಡುವಂತೆ ನೀರು ನಿಲ್ಲಿಸಿದವರಿಗೆ ದಂಡ ಹಾಕುವ ನಿಯಮ ತಂದದ್ದು ಎಲ್ಲರಿಗೂ ನೆನಪಿರಬಹುದು. ಹೊಗೆ ಹಾಕುವುದು, ತೊಟ್ಟಿ ತೊಳೆಯುವುದು ನಮಗೆ ಗೊತ್ತಿರುವ ಉಪಾಯಗಳು. ಸೊಳ್ಳೆಯ ಜೀವಕೋಶದೊಳಗೇ ಒಂದು ಬ್ಯಾಕ್ಟೀರಿಯಾವನ್ನು ಕೂರಿಸಿ ಡೆಂಗಿ ತಡೆಯುವ ಇನ್ನೊಂದು ಉಪಾಯವೂ ಇದೆ. ನಾನು ಓದಿದ್ದು ಬಿ.ಇ., ಮಾಡುವ ಕೆಲಸ ಸಾಫ್ಟ್‌ವೇರ್. ಆದರೂ ಈ ಉಪಾಯದ ಹಿಂದಿನ ಚರಿತ್ರೆ ಓದುತ್ತಾ ಹೋದಂತೆ, ಇದನ್ನು ನಮ್ಮ ಶಾಲೆಯ ಸಂಚಿಕೆಗೆ ಬರೆಯಬೇಕು ಅನ್ನಿಸಿತು.

ಕಥೆ ಶುರುವಾಗುವುದು 1924ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. ಹಾರ್ವರ್ಡ್ ವೈದ್ಯಕೀಯ ಶಾಲೆಯ ಮಾರ್ಷಲ್ ಹರ್ಟಿಗ್ ಮತ್ತು ಬರ್ಟ್ ವೊಲ್ಬಾಕ್ ಕ್ಯೂಲೆಕ್ಸ್ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅವುಗಳ ಸಂತಾನಾಂಗದ ಕೋಶಗಳಲ್ಲಿ ಸಣ್ಣ ಸಣ್ಣ ಕಣಗಳು ಕಂಡವು. ಅವು ಕೋಶದ ಒಳಗಷ್ಟೇ ಬದುಕುವ ಬ್ಯಾಕ್ಟೀರಿಯಾಗಳು. 1936ರಲ್ಲಿ ಹರ್ಟಿಗ್ ತನ್ನ ಜೊತೆಗಾರನ ನೆನಪಿಗೆ ಅದಕ್ಕೆ ವೊಲ್ಬಾಕಿಯಾ ಎಂದು ಹೆಸರಿಟ್ಟ. ಅದರಿಂದ ಲಾಭವೋ ನಷ್ಟವೋ ಯಾರಿಗೂ ತಿಳಿಯಲಿಲ್ಲ. ಮುಂದೆ ಬಹಳ ವರ್ಷ ಯಾರೂ ತಲೆ ಕೆಡಿಸಿಕೊಳ್ಳಲೂ ಇಲ್ಲ.

1950ರ ದಶಕದಲ್ಲಿ ಜರ್ಮನಿಯ ಹಾನ್ಸ್ ಲಾವೆನ್ ಬೇರೆ ಬೇರೆ ಊರುಗಳ ಕ್ಯೂಲೆಕ್ಸ್ ಸೊಳ್ಳೆಗಳನ್ನು ತಂದು ಕೂಡಿಸಿ ನೋಡುತ್ತಿದ್ದ. ಒಂದು ವಿಚಿತ್ರ ಕಂಡಿತು. ಈ ಊರಿನ ಗಂಡು, ಆ ಊರಿನ ಹೆಣ್ಣು ಕೂಡಿದರೆ ಮೊಟ್ಟೆ ಒಡೆದು ಮರಿ ಬರುವುದೇ ಇಲ್ಲ. ಆ ಊರಿನ ಗಂಡು, ಈ ಊರಿನ ಹೆಣ್ಣಾದರೆ ಯಾವ ತೊಂದರೆಯೂ ಇಲ್ಲ! ಈ ಗುಣ ತಾಯಿಯ ಕಡೆಯಿಂದ, ಅಂಡಾಣುವಿನ ಕೋಶರಸದ ಮೂಲಕ ಮಾತ್ರ ಮಕ್ಕಳಿಗೆ ಬರುತ್ತದೆ ಎಂದು ಲಾವೆನ್ ತೋರಿಸಿದ. ಕಾರಣ ಅವನಿಗೂ ಗೊತ್ತಿರಲಿಲ್ಲ. ಆದರೂ ಅದನ್ನು ಬಳಸಿಕೊಂಡ. ಬರ್ಮಾದ ರಂಗೂನಿನ ಹತ್ತಿರ ಓಕ್ಪೋ ಎಂಬ ಹಳ್ಳಿಯಲ್ಲಿ ಹೊಂದಾಣಿಕೆಯಾಗದ ಗಂಡು ಸೊಳ್ಳೆಗಳನ್ನು ದಿನವೂ ಬಿಟ್ಟು, ಕೆಲವೇ ತಿಂಗಳಲ್ಲಿ ಆನೆಕಾಲು ರೋಗ ಹರಡುವ ಸೊಳ್ಳೆಯ ಸಂತತಿಯನ್ನು ಆ ಊರಿನಿಂದ ಇಲ್ಲವಾಗಿಸಿದ್ದಾಗಿ 1967ರಲ್ಲಿ ಪ್ರಕಟಿಸಿದ. ಗಂಡು ಸೊಳ್ಳೆ ಕಚ್ಚುವುದಿಲ್ಲವಾದ್ದರಿಂದ ಊರಿನವರಿಗೆ ತೊಂದರೆಯಿರಲಿಲ್ಲ.

ಇದೇ ಜಾಡಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ದೆಹಲಿಯಲ್ಲಿ ಒಂದು ಘಟಕ ತೆರೆದವು. ಸುತ್ತಲ ಹಳ್ಳಿಗಳಲ್ಲಿ ಸೊಳ್ಳೆ ಬಿಡುವ ಪ್ರಯೋಗಗಳೂ ನಡೆದವು. ಆದರೆ ಹಣ ಅಮೆರಿಕದ್ದು. ಇಲ್ಲಿ ಸಿಗುವ ಮಾಹಿತಿ ಜೈವಿಕ ಯುದ್ಧಕ್ಕೆ ಬಳಕೆಯಾಗಬಹುದೆಂಬ ಅನುಮಾನ ಪತ್ರಿಕೆಗಳಲ್ಲಿ ಎದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೆ ಹೋಯಿತು. ಹರಿಯಾಣದ ಸೋನಿಪತ್‌ನಲ್ಲಿ ಈಡಿಸ್ ಸೊಳ್ಳೆ ಬಿಡುವ ಕೆಲಸ ಇನ್ನೇನು ಶುರುವಾಗಬೇಕು ಅನ್ನುವಾಗ ನಿಂತುಹೋಯಿತು. 1975ರಲ್ಲಿ ಘಟಕವನ್ನೇ ಮುಚ್ಚಲಾಯಿತು. ನಮ್ಮ ಶಾಲೆಯ ಬಾಗಿಲು ತೆರೆದದ್ದೂ ಅದೇ ವರ್ಷ. ಅನುಮಾನ ಸರಿಯೋ ತಪ್ಪೋ ಎಂಬ ವಾದ ಹಾಗಿರಲಿ, ಜನರಿಗೆ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಜಾನಿಸ್ ಯೆನ್ ಮತ್ತು ರಾಲ್ಫ್ ಬಾರ್ ಲಾವೆನ್‌ನ ಒಗಟು ಬಿಡಿಸಿದ್ದರು. ಸೊಳ್ಳೆಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟು ವೊಲ್ಬಾಕಿಯಾವನ್ನು ಕೊಂದರೆ, ಆ ಗಂಡುಗಳು ಕೂಡಿದ ಹೆಣ್ಣುಗಳ ಮೊಟ್ಟೆಗಳು ಮತ್ತೆ ಒಡೆಯತೊಡಗಿದವು. ಹರ್ಟಿಗ್ ಕಂಡ ಆ ಕಣಗಳೇ ಕಾರಣ!

ಇನ್ನು ಮುಖ್ಯ ಪ್ರಶ್ನೆ. ಬ್ಯಾಕ್ಟೀರಿಯಾ ಇರುವುದು ಕೋಶದಲ್ಲಿ. ವೀರ್ಯಾಣು ಪಕ್ವವಾಗುವಾಗ ಅದು ಹೊರಬಿದ್ದುಹೋಗುತ್ತದೆ, ಅಂಡಾಣುವಿಗೆ ತಲುಪುವುದೇ ಇಲ್ಲ. ಹಾಗಿದ್ದರೆ ಮೊಟ್ಟೆಯನ್ನು ಹಾಳುಮಾಡುವುದು ಯಾವುದು? ಬ್ಯಾಕ್ಟೀರಿಯಾ ಬಿಟ್ಟುಹೋದ ಯಾವುದೋ ಪ್ರೋಟೀನು ಇರಬೇಕು ಎಂಬ ಊಹೆ ಇತ್ತು. 2017ರಲ್ಲಿ ಯೇಲ್ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳ ಎರಡು ತಂಡಗಳು ಅದನ್ನು ಹಿಡಿದವು. ಅಕ್ಕಪಕ್ಕದಲ್ಲಿರುವ ಎರಡು ವಂಶವಾಹಿಗಳು, ಅವುಗಳಿಂದ ಎರಡು ಪ್ರೋಟೀನು. ಒಂದು ತಂಡ ಸಿಡ್-ಎ, ಸಿಡ್-ಬಿ ಎಂದಿತು. ಇನ್ನೊಂದು ಸಿಫ್-ಎ, ಸಿಫ್-ಬಿ ಎಂದಿತು. (ಹೆಸರಿನ ಜಗಳ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ಮಾತ್ರ ಅಂದುಕೊಂಡಿದ್ದೆ.) ವೊಲ್ಬಾಕಿಯಾ ಇಲ್ಲದ ಹಣ್ಣುನೊಣದ ಗಂಡಿಗೆ ಈ ವಂಶವಾಹಿಗಳನ್ನು ಸೇರಿಸಿದರೆ ಸಾಕು, ಅದು ಕೂಡಿದ ಹೆಣ್ಣಿನ ಮೊಟ್ಟೆಗಳು ಸತ್ತವು.

ನಮ್ಮ ಕೋಶಗಳು ತಮ್ಮ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಸಣ್ಣ ಚೀಟಿ ಅಂಟಿಸುತ್ತವೆ. ಯಾವುದನ್ನು ಒಡೆದು ಹಾಕಬೇಕು, ಯಾವುದನ್ನು ಎಲ್ಲಿಗೆ ಕಳಿಸಬೇಕು ಎಂಬ ಸೂಚನೆ ಅದರಲ್ಲಿರುತ್ತದೆ. ಸಿಡ್-ಬಿ ಆ ಚೀಟಿಯನ್ನು ಕತ್ತರಿಸುವ ಕಿಣ್ವ. ಕತ್ತರಿಸುವ ಜಾಗವನ್ನು ಕೆಡಿಸಿದರೆ ಮೊಟ್ಟೆ ಸಾಯುವುದಿಲ್ಲ ಎಂದು ಯೇಲ್ ತಂಡ ತೋರಿಸಿತು. ಕೆಡದಿದ್ದರೆ ಮೊಟ್ಟೆಯ ಮೊದಲ ವಿಭಜನೆಯಲ್ಲೇ ತಂದೆಯ ಕಡೆಯ ವರ್ಣತಂತುಗಳು ಹಿಂದುಳಿದು, ಭ್ರೂಣ ನಿಂತುಹೋಗುತ್ತದೆ. ತಾಯಿಯಲ್ಲಿ ಅದೇ ವೊಲ್ಬಾಕಿಯಾ ಇದ್ದರೆ ಎ ಪ್ರೋಟೀನು ಅಂಡಾಣುವಿನಲ್ಲಿ ಸಿಗುವುದರಿಂದ ಮರಿ ಉಳಿಯುತ್ತದೆ. ಅಂದರೆ ಗಂಡಿನ ಕೈಲಿ ವಿಷ, ಹೆಣ್ಣಿನ ಕೈಲಿ ಮದ್ದು. ಮದ್ದಿಲ್ಲದ ಹೆಣ್ಣುಗಳ ಸಂತತಿ ಕಡಿಮೆಯಾಗುತ್ತಾ, ತಲೆಮಾರಿನಿಂದ ತಲೆಮಾರಿಗೆ ವೊಲ್ಬಾಕಿಯಾ ಹೊತ್ತ ಸೊಳ್ಳೆಗಳೇ ಊರು ತುಂಬುತ್ತವೆ. ಇನ್ನೊಂದು ತಮಾಷೆಯೆಂದರೆ, ಈ ವಂಶವಾಹಿಗಳು ಇರುವುದು ಬ್ಯಾಕ್ಟೀರಿಯಾದೊಳಗೆ ಸೇರಿಕೊಂಡ ಒಂದು ವೈರಸ್ಸಿನ ಭಾಗದಲ್ಲಿ. ಒಕ್ಕಲಿನ ಮನೆಯಲ್ಲೂ ಒಬ್ಬ ಒಕ್ಕಲು!

ಡೆಂಗಿ ಹರಡುವ ಈಡಿಸ್ ಈಜಿಪ್ಟಿಯಲ್ಲಿ ವೊಲ್ಬಾಕಿಯಾ ಸಹಜವಾಗಿ ಇರುವುದಿಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ತಂಡ ಹಣ್ಣುನೊಣದ ವೊಲ್ಬಾಕಿಯಾವನ್ನು ಅದರ ಮೊಟ್ಟೆಗೆ ಸೇರಿಸಿ, 2011ರಲ್ಲಿ ಕೇರ್ನ್ಸ್ ನಗರದ ಬಳಿ ಬಿಟ್ಟಿತು. ಅಂಥ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ನಡೆದ ಪರೀಕ್ಷೆಯಲ್ಲಿ, ಬಿಟ್ಟ ಬಡಾವಣೆಗಳಲ್ಲಿ ಡೆಂಗಿ ಶೇ. 77ರಷ್ಟು ಕಡಿಮೆಯಾಗಿತ್ತೆಂದು 2021ರಲ್ಲಿ ವರದಿಯಾಯಿತು. ಈ ಸೊಳ್ಳೆಯೂ ಕಚ್ಚುತ್ತದೆ, ಅದನ್ನು ಮರೆಯಬಾರದು.

ದೆಹಲಿಯ ಘಟಕ ಮುಚ್ಚಿದ 1975ರಲ್ಲೇ ಪುದುಚೇರಿಯಲ್ಲಿ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಶುರುವಾಗಿತ್ತು. ಸ್ಥಳೀಯ ಈಡಿಸ್ ಜೊತೆ ಬೆರೆಸಿ ವೊಲ್ಬಾಕಿಯಾ ಹೊತ್ತ ಎರಡು ತಳಿಗಳನ್ನು ಸಿದ್ಧಪಡಿಸಿರುವುದಾಗಿ ಆ ಕೇಂದ್ರ 2022ರಲ್ಲಿ ಪ್ರಕಟಿಸಿತು. ಮುಂದೊಂದು ದಿನ ನಮ್ಮ ಪಂಚಾಯಿತಿಗೂ ಇಂಥ ಸೊಳ್ಳೆ ಬಿಡಲು ಒಪ್ಪಿಗೆ ಕೇಳಿ ಅಧಿಕಾರಿಗಳು ಬಂದಾರು. ಆಗ ಗ್ರಾಮಸಭೆಯಲ್ಲಿ ಮೊದಲ ಪ್ರಶ್ನೆ ಕೇಳುವವರು ಈ ಶಾಲೆಯಲ್ಲಿ ಓದಿದವರೇ ಆಗಿರಲಿ ಎಂಬುದು ನನ್ನ ಆಸೆ.